ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಚಿಕಿತ್ಸೆ ಉಚಿತ, ಆದರೂ ಆಪರೇಷನ್ನಿಗೆ ತಿಂಗಳುಗಟ್ಟಲೆ ಕಾಯಬೇಕು, ಯಾಕೆ?

ಒಂದು ದೊಡ್ಡ ಕಾರಣ, ಹಾಸಿಗೆ ಖಾಲಿಯಾಗದಿರುವುದು. ಸಿಬ್ಬಂದಿ ಕೊರತೆಯೂ ಇದೆ, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಉತ್ತರ.

ಇಂಗ್ಲೆಂಡಿನಲ್ಲಿ ಆಸ್ಪತ್ರೆ ಎನ್‌ಎಚ್‌ಎಸ್‌ನದು. ಚೇತರಿಸಿಕೊಂಡ ವೃದ್ಧರಿಗೆ ಮನೆಯಲ್ಲೋ ಆರೈಕೆ ಕೇಂದ್ರದಲ್ಲೋ ಬೇಕಾಗುವ ನೆರವು ಸ್ಥಳೀಯ ಕೌನ್ಸಿಲ್‌ಗಳ ಹೊಣೆ, ಅದೂ ಆದಾಯ, ಆಸ್ತಿ ನೋಡಿ ಕೊಡುವಂಥದ್ದು. ಅಲ್ಲಿ ದುಡ್ಡೋ ಕೆಲಸಗಾರರೋ ಸಾಲದಾದರೆ ಡಿಸ್ಚಾರ್ಜ್ ಆಗಬಹುದಾದವರೂ ವಾರ್ಡಿನಲ್ಲೇ ಉಳಿಯುತ್ತಾರೆ. ತುರ್ತು ವಿಭಾಗದಿಂದ ವಾರ್ಡಿಗೆ ಕಳಿಸಲು ಜಾಗವಿಲ್ಲ, ಹೊರಗೆ ಆಂಬುಲೆನ್ಸ್ ಸಾಲು. ಇಂಥ ಹೊತ್ತಲ್ಲಿ ಮೊದಲು ಮುಂದೂಡುವುದು ಜೀವಕ್ಕೆ ಅಪಾಯವಿಲ್ಲದ, ಆದರೆ ಹಾಸಿಗೆ ಬೇಡುವ ಮಂಡಿ, ಸೊಂಟದ ಕೀಲು ಬದಲಾವಣೆಯಂಥ ಆಪರೇಷನ್ನುಗಳನ್ನು.

ಚಿಕಿತ್ಸೆಗೆ ಕಾಯುವ ಪಟ್ಟಿಯಲ್ಲಿರುವವರ ಪೈಕಿ ಕನಿಷ್ಠ ಶೇ 92ರಷ್ಟು ಮಂದಿಯ ಕಾಯುವಿಕೆ 18 ವಾರದೊಳಗಿರಬೇಕು ಎಂಬುದು ಅಲ್ಲಿನ ಗುರಿ. ಅದು ತಪ್ಪಿದ್ದು 2016ರಲ್ಲಿ, ಕೋವಿಡ್‌ಗೂ ಮೊದಲೇ.

ಅಂಕಿ ಓದುವಾಗ ಒಂದು ಎಚ್ಚರ: 2023ರ ಸೆಪ್ಟೆಂಬರಿನಲ್ಲಿ ಪಟ್ಟಿ ಸುಮಾರು 77 ಲಕ್ಷ ಮುಟ್ಟಿತ್ತು ಎನ್ನುವುದು ತಲೆಲೆಕ್ಕವಲ್ಲ, ಪ್ರಕರಣಗಳ ಲೆಕ್ಕ. ಮಂಡಿಗೂ ಹೃದಯಕ್ಕೂ ಕಾಯುವವರು ಎರಡು ಸಲ ಎಣಿಕೆಯಾಗುತ್ತಾರೆ. ಕಾಯುತ್ತಿದ್ದ ಜನ ಸುಮಾರು 65 ಲಕ್ಷ.