ಹದಿಹರೆಯದ ರೋಗಿಯ ಜೊತೆ ಮಾತಾಡುವ ಕೌಶಲವನ್ನು ಓಸ್ಕಿಯಲ್ಲಿ ಅಳೆಯುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಬೆಂಗಳೂರಿನ ನಿಮ್ಮ ಕಾಲೇಜಿನ ಮಕ್ಕಳ ವಿಭಾಗದಲ್ಲಿ ಫೈನಲ್ ಇಯರ್‌ನವರಿಗೆ ಚೆಕ್‌ಲಿಸ್ಟ್ ಇಟ್ಟು ಓಸ್ಕಿ (ವೈದ್ಯ ವಿದ್ಯಾರ್ಥಿಗಳು ಸ್ಟೇಷನ್ ಎಂಬ ಒಂದೊಂದು ನಿಲ್ದಾಣದಲ್ಲಿ ನಿಗದಿತ ಸಮಯದೊಳಗೆ ಕೌಶಲ ಮಾಡಿ ತೋರಿಸುವ ಪ್ರಾಯೋಗಿಕ ಪರೀಕ್ಷೆ) ನಡೆಸಿದಿರಿ. ಹೆಚ್ಚುಕಡಿಮೆ ಎಲ್ಲರಿಗೂ ಒಂದೇ ಅಂಕ ಬಂತು. ಅದೇ ವಿದ್ಯಾರ್ಥಿಗಳು ಓಪಿಡಿಯಲ್ಲಿ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಅವಳ ಅಮ್ಮನ ಜೊತೆ ಮಾತಾಡುತ್ತಾರೆ. ಚೆಕ್‌ಲಿಸ್ಟ್ ಬದಲಿಸಬೇಕಾ?

ಮೊದಲು ಬದಲಿಸಬೇಕಾದದ್ದು ಚೆಕ್‌ಲಿಸ್ಟ್ ಅಲ್ಲ, ರೋಗಿಯ ಪಾತ್ರ ಮಾಡುವವರಿಗೆ ಕೊಡುವ ಸ್ಕ್ರಿಪ್ಟ್. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಹುಡುಗಿಯ ಮುಂದೆ ಒಳ್ಳೆಯ ಮಾತುಗಾರಿಕೆಗೂ ಒರಟು ವಿಚಾರಣೆಗೂ ವ್ಯತ್ಯಾಸ ಕಾಣುವುದಿಲ್ಲ. ಮಾಹಿತಿಯನ್ನು ವಿದ್ಯಾರ್ಥಿ ಸಂಪಾದಿಸಬೇಕು.

ಒಂದು ಕೇಸ್ ಹೀಗಿರಲಿ: ಮೊದಲ ಪಿಯುಸಿಯ 16ರ ಹುಡುಗಿ, ಎರಡು ತಿಂಗಳಿಂದ ತಲೆನೋವು, ಜೊತೆಗೆ ಅಮ್ಮ. ಹುಡುಗಿಯ ಬಳಿ ಇರುವ ಮಾಹಿತಿಯನ್ನು ಮೂರು ಪದರ ಮಾಡಿ. ತಲೆನೋವು, ನಿದ್ದೆ ಕಮ್ಮಿ, ಟ್ಯೂಷನ್ ಮುಗಿದು ಮನೆ ಸೇರುವಾಗ ರಾತ್ರಿ ಎಂಟು: ಇದನ್ನು ಯಾರು ಕೇಳಿದರೂ ಹೇಳುತ್ತಾಳೆ. ಊಟದ ಡಬ್ಬಿಯನ್ನು ಹಾಗೇ ಚೆಲ್ಲುವುದು, ಅಂಕ ಬಿದ್ದಿರುವುದು: ಇದು ಅಮ್ಮ ಹೊರಗೆ ಹೋದ ಮೇಲೆ, ಅದೂ ‘ಕಾಲೇಜು ಹೇಗಿದೆ, ಹೇಳು’ ಎಂಬಂಥ ತೆರೆದ ಪ್ರಶ್ನೆಗೆ ಮಾತ್ರ. ಸಾಯಬೇಕು ಅನ್ನಿಸಿದ್ದುಂಟು ಎಂಬುದು ಕೊನೆಯ ಪದರ. ವಿದ್ಯಾರ್ಥಿ ಗೌಪ್ಯತೆಯನ್ನು ಅದರ ಮಿತಿಯ ಸಮೇತ ವಿವರಿಸಿರಬೇಕು, ಡಬ್ಬಿಯ ವಿಷಯ ಕೇಳಿ ಉಪದೇಶ ಮಾಡಿರಬಾರದು, ನೇರವಾಗಿ ಕೇಳಿರಬೇಕು. ಆಗ ಮಾತ್ರ ಅವಳು ಬಾಯಿ ಬಿಡುತ್ತಾಳೆ. ‘ಊಟ ಬಿಡಬಾರದಮ್ಮ, ಅಪ್ಪ ಅಮ್ಮ ಎಷ್ಟು ಕಷ್ಟಪಡ್ತಾರೆ’ ಅಂದರೋ, ಅಲ್ಲಿಂದ ಮುಂದೆ ‘ಹ್ಞೂಂ’, ‘ಗೊತ್ತಿಲ್ಲ’ ಅಷ್ಟೇ. ಯಾವ ಮಾತಿಗೆ ಯಾವ ಪದರ ತೆರೆಯುತ್ತದೆ ಎಂಬುದನ್ನು ಬರೆದೇ ಕೊಡಿ. ಇಲ್ಲದಿದ್ದರೆ ಬೆಳಗಿನ ಬ್ಯಾಚಿಗೆ ಒಬ್ಬ ಹುಡುಗಿ, ಮಧ್ಯಾಹ್ನದ ಬ್ಯಾಚಿಗೆ ಇನ್ನೊಬ್ಬ ಹುಡುಗಿ ಸಿಕ್ಕಂತಾಗುತ್ತದೆ.

ಅಮ್ಮನಿಗೂ ಸ್ಕ್ರಿಪ್ಟ್ ಬೇಕು. ‘ನನ್ನ ಮುಂದೆಯೇ ಕೇಳಿ ಡಾಕ್ಟ್ರೇ, ಅವಳು ನನ್ನ ಹತ್ರ ಏನೂ ಮುಚ್ಚಿಡಲ್ಲ’ ಎಂದು ಒಮ್ಮೆ ತಡೆಯಬೇಕು. ‘ಈ ವಯಸ್ಸಿನ ಎಲ್ಲರ ಜೊತೆಯೂ ಸ್ವಲ್ಪ ಹೊತ್ತು ಒಬ್ಬರೇ ಮಾತಾಡ್ತೀವಿ, ಆಮೇಲೆ ನಿಮ್ಮನ್ನೂ ಕರೀತೀವಿ’ ಎಂದು ವಿನಯದಿಂದ ಹೇಳಿದರೆ ಎದ್ದು ಹೋಗಬೇಕು. ನಮ್ಮ ಊರಿನ ಓಪಿಡಿಯಲ್ಲಿ ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ, ಹಾಗಾಗಿ ಇದಕ್ಕೆ ಪ್ರತ್ಯೇಕ ಅಂಕ ಇಡಿ. 5 ನಿಮಿಷದ ಸ್ಟೇಷನ್‌ನಲ್ಲಿ ಇದೆಲ್ಲ ಆಗದು. 12 ನಿಮಿಷ ಕೊಡಿ: ಅಮ್ಮನ ಜೊತೆ 3, ಹುಡುಗಿಯ ಜೊತೆ 7, ಕೊನೆಗೆ ಇಬ್ಬರನ್ನೂ ಕೂರಿಸಿಕೊಂಡು 2.

ಗೌಪ್ಯತೆಯ ಅಂಶದಲ್ಲಿ ಸಡಿಲ ಬೇಡ. ‘ಯಾರಿಗೂ ಹೇಳಲ್ಲ, ಪ್ರಾಮಿಸ್’ ಎಂದವರಿಗೆ ಇಲ್ಲಿ ಸೊನ್ನೆ. ಜೀವಕ್ಕೆ ಅಪಾಯವಿದ್ದರೆ, ಬೇರೆಯವರಿಗೆ ಅಪಾಯವಿದ್ದರೆ, ಲೈಂಗಿಕ ದೌರ್ಜನ್ಯ ನಡೆದಿದ್ದರೆ ಹೇಳಲೇಬೇಕಾಗುತ್ತದೆ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ 18 ತುಂಬದವರ ಮೇಲಿನ ಲೈಂಗಿಕ ಅಪರಾಧ ಗೊತ್ತಾದರೆ ವೈದ್ಯರೂ ವರದಿ ಮಾಡಬೇಕು. ಮಾಡದಿದ್ದರೆ 21ನೇ ಸೆಕ್ಷನ್‌ನಲ್ಲಿ ಶಿಕ್ಷೆಯಿದೆ. ಮೊದಲೇ ಮಾತು ಕೊಟ್ಟು ಆಮೇಲೆ ಮುರಿದರೆ ಆ ಮಗು ಮತ್ತೆ ಯಾವ ಡಾಕ್ಟರನ್ನೂ ನಂಬುವುದಿಲ್ಲ.

ಈಗ ಚೆಕ್‌ಲಿಸ್ಟ್. ಹೆಡ್ಸ್ ಕ್ರಮ (ಮನೆ, ಓದು, ಊಟ, ಹವ್ಯಾಸ, ಮಾದಕ ವಸ್ತು, ಲೈಂಗಿಕತೆ, ಆತ್ಮಹತ್ಯೆಯ ಯೋಚನೆ, ಸುರಕ್ಷತೆ) ಹಗುರ ವಿಷಯದಿಂದ ಸೂಕ್ಷ್ಮ ವಿಷಯದ ಕಡೆಗೆ ಸಾಗಲು ಇರುವ ದಾರಿ. ಒಂದೊಂದಕ್ಕೆ ಒಂದೊಂದು ಅಂಕ ಇಟ್ಟರೆ ವಿದ್ಯಾರ್ಥಿ ಜನಗಣತಿಯವರಂತೆ ಪಟಪಟ ಕೇಳಿ ಪೂರ್ತಿ ಅಂಕ ಎತ್ತಿಕೊಂಡು ಹೋಗುತ್ತಾನೆ. ‘ಕೇಳಿದನೇ?’ ಎಂಬುದರ ಜೊತೆ ‘ಉತ್ತರ ಕೇಳಿಸಿಕೊಂಡು ಮುಂದಿನ ಪ್ರಶ್ನೆಯನ್ನು ಅದಕ್ಕೆ ಹೊಂದಿಸಿದನೇ?’ ಎಂದೂ ನೋಡಿ. ‘ಸಿಗರೇಟ್ ಎಲ್ಲ ಇಲ್ಲ ತಾನೇ?’ ಎಂದು ಇಲ್ಲ ಅನ್ನಿಸುವ ಪ್ರಶ್ನೆಗೆ ಅಂಕವಿಲ್ಲ. ‘ನಿಮ್ಮ ಕ್ಲಾಸಿನಲ್ಲಿ ವೇಪ್ ಮಾಡೋರು ಇದ್ದಾರಾ? ನೀನು ಯಾವತ್ತಾದ್ರೂ?’ ಎನ್ನುವುದಕ್ಕೆ ಇದೆ. ಆತ್ಮಹತ್ಯೆಯ ಪ್ರಶ್ನೆ ಕೇಳಿದರೆ ತಲೆಗೆ ಹುಳ ಬಿಟ್ಟಂತಾಗುತ್ತದೆ ಎಂದು ವಿದ್ಯಾರ್ಥಿಗಳು ಹೆದರುತ್ತಾರೆ. ಹಾಗಾಗುವುದಿಲ್ಲ ಎಂಬುದನ್ನು ಪರೀಕ್ಷೆಗೆ ಮೊದಲೇ ಕಲಿಸಿರಬೇಕು.

ಅಂಕ ಹಂಚಿಕೆಗೆ ನನ್ನ ಸಲಹೆ: ಚೆಕ್‌ಲಿಸ್ಟ್‌ಗೆ ಶೇ 40, ಎಕ್ಸಾಮಿನರ್ ಕೊಡುವ ಐದು ಹಂತದ ಒಟ್ಟಾರೆ ರೇಟಿಂಗ್‌ಗೆ 30, ಪಾತ್ರ ಮಾಡಿದ ಹುಡುಗಿಯ ರೇಟಿಂಗ್‌ಗೆ 30. ಅವಳಿಗೆ ಮೂರೇ ಪ್ರಶ್ನೆ ಸಾಕು: ನನ್ನ ಕಡೆ ತಿರುಗಿ ಮಾತಾಡಿದರೇ, ನನ್ನನ್ನು ದೂಷಿಸಿದರೇ, ಇವರ ಹತ್ತಿರ ಇನ್ನೊಮ್ಮೆ ಬರುತ್ತೇನಾ? ಕೆನಡಾದ ಡಲ್‌ಹೌಸಿ ವಿಶ್ವವಿದ್ಯಾಲಯದವರು ಇದಕ್ಕೆಂದೇ ರೂಪಿಸಿದ ಮಾರ್ಗದರ್ಶಿಯಲ್ಲೂ ಹದಿಹರೆಯದವರೇ ಅಂಕ ಕೊಡುತ್ತಾರೆ. ಎಕ್ಸಾಮಿನರ್‌ಗಳು ಮಾತ್ರ ಹಿಂದಿನ ದಿನವೇ ಒಂದು ವಿಡಿಯೊ ನೋಡಿ ಬೇರೆ ಬೇರೆಯಾಗಿ ಅಂಕ ಹಾಕಲಿ. ಎರಡು ಹಂತ ವ್ಯತ್ಯಾಸ ಬಂದ ಕಡೆ ಕೂತು ಚರ್ಚಿಸಬೇಕು.

ಪಾತ್ರಕ್ಕೆ ನಿಜವಾದ 15, 16ರ ಮಕ್ಕಳನ್ನು, ಅದರಲ್ಲೂ ಆತ್ಮಹತ್ಯೆಯ ಕೇಸಿಗೆ, ಬಳಸಬೇಡಿ. ಬೆಂಗಳೂರಿನ ಹವ್ಯಾಸಿ ರಂಗತಂಡಗಳಲ್ಲಿ ಚಿಕ್ಕವರಂತೆ ಕಾಣುವ 18, 19ರವರು ಸಿಗುತ್ತಾರೆ. ನಿಮ್ಮ ಕಾಲೇಜಿನ ಜೂನಿಯರ್‌ಗಳು ಬೇಡ, ಪರಿಚಯ ಅಡ್ಡ ಬರುತ್ತದೆ. ಕೇಸಿನಲ್ಲಿರುವಂಥ ಅನುಭವ ಪಾತ್ರ ಮಾಡುವವರಿಗೆ ಇತ್ತೀಚೆಗೆ ಆಗಿದೆಯೇ ಎಂದು ಮೊದಲೇ ಖಾಸಗಿಯಾಗಿ ವಿಚಾರಿಸಿ. ಇಬ್ಬರನ್ನು ಸರದಿಯಲ್ಲಿ ಕೂರಿಸಿ, ಸತತ ಆರಕ್ಕಿಂತ ಹೆಚ್ಚು ಸಂದರ್ಶನ ಬೇಡ. ಮುಗಿದ ಮೇಲೆ ಪಾತ್ರದಿಂದ ಹೊರಬರಲು ಹತ್ತು ನಿಮಿಷ ಅವರ ಜೊತೆ ಕೂತು ಮಾತಾಡಿ, ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416 ಬರೆದು ಕೊಡಿ.

ಭಾಷೆಯ ವಿಷಯ: ಹೊರರಾಜ್ಯದ ವಿದ್ಯಾರ್ಥಿಯ ತಡವರಿಸುವ ಕನ್ನಡಕ್ಕೆ ಅಂಕ ಕಳೆಯಬೇಡಿ. ಕನ್ನಡ ಬರುವುದಿಲ್ಲವೆಂದು ಅಮ್ಮನನ್ನೇ ದುಭಾಷಿ ಮಾಡಿಕೊಂಡರೆ ಕಳೆಯಿರಿ. ಅಲ್ಲಿಗೆ ಹುಡುಗಿಯ ಗೌಪ್ಯತೆ ಹೋಯಿತು.

ಒಂದೇ ಸ್ಟೇಷನ್ ಮೇಲೆ ಪಾಸು ಫೇಲು ನಿರ್ಧರಿಸಬೇಡಿ. ತಲೆನೋವಿನ ಹುಡುಗಿಯ ಜೊತೆ ಚೆನ್ನಾಗಿ ಮಾತಾಡಿದವರು, ಇನ್ಸುಲಿನ್ ಬಿಟ್ಟ ಡಯಾಬಿಟಿಸ್ ಹುಡುಗನ ಮೇಲೆ ರೇಗಬಹುದು. ಓಪಿಡಿಯಲ್ಲಿ ನಿಜವಾದ ರೋಗಿಯ ಜೊತೆ ಮಾತಾಡುವುದನ್ನು 15 ನಿಮಿಷ ಕೂತು ನೋಡಿ, ಅಲ್ಲೇ 5 ನಿಮಿಷ ಫೀಡ್‌ಬ್ಯಾಕ್ ಕೊಟ್ಟು ಲಾಗ್‌ಬುಕ್‌ನಲ್ಲಿ ಬರೆಯಿರಿ. ವರ್ಷಕ್ಕೆ ನಾಲ್ಕು ಸಲ, ಬೇರೆ ಬೇರೆ ಎಕ್ಸಾಮಿನರ್‌ಗಳಿಂದ ಇದು ಆದರೆ ಓಸ್ಕಿಯ ಅಂಕವನ್ನು ಯಾವುದರ ಜೊತೆ ಇಟ್ಟು ನೋಡಬೇಕು ಎಂಬುದು ನಿಮಗೆ ಸಿಗುತ್ತದೆ.