ಗಾಳಿಮಳೆಗೆ ಮುರಿದ ಅಂಗಳದ ಮರ: ಕಡಿಯುವ ಮೊದಲು ನೋಡಬೇಕಾದದ್ದು

ಪ್ರಶ್ನೆ: ಜೂನ್ ತಿಂಗಳ ಗಾಳಿಮಳೆಗೆ ನಮ್ಮ ಅಂಗಳದ ಬದಿಯ ಹಲಸಿನ ಮರದ ದೊಡ್ಡ ಗೆಲ್ಲೊಂದು ಕಾಯಿಗಳ ಸಮೇತ ಸಿಗಿದು ಬಿದ್ದಿದೆ. ಅದರ ಜೊತೆಗೆ ಕಾಂಡದ ತೊಗಟೆಯೂ ಸುಮಾರು ಮೂರಡಿ ಉದ್ದಕ್ಕೆ ಕಿತ್ತು ಬಂದಿದೆ. ಬುಡದಿಂದಲೇ ಕಡಿಸಿಬಿಡಿ ಎಂದು ಕೆಲವರು ಹೇಳಿದರೆ, ತಲೆ ಹಾರಿಸಿದರೆ ಸಾಕು, ಮತ್ತೆ ಚಿಗುರುತ್ತದೆ ಎಂದು ಇನ್ನು ಕೆಲವರು ಹೇಳುತ್ತಾರೆ. ಗಾಯಕ್ಕೆ ಸೆಗಣಿ ಮತ್ತು ಕೆಮ್ಮಣ್ಣು ಮೆತ್ತಬೇಕೆಂಬುದು ಮನೆಯ ಹಿರಿಯರ ಸಲಹೆ. ಅಜ್ಜ ನೆಟ್ಟ ಮರವಾದ್ದರಿಂದ ಉಳಿಸಿಕೊಳ್ಳುವ ಆಸೆಯಿದೆ. ಏನು ಮಾಡಬೇಕು?
– ಬದಿಯಡ್ಕದ ಓದುಗರು

ಉತ್ತರ: ಕಡಿಸುವ ತೀರ್ಮಾನವನ್ನು ಈ ವಾರ ಕೈಗೊಳ್ಳಬೇಡಿ. ಕಾಂಡ ನಡುವಿನಲ್ಲಿ ಸೀಳಿಲ್ಲ, ಬುಡದ ಮಣ್ಣು ಒಂದು ಬದಿಗೆ ಎದ್ದಿಲ್ಲ, ಮರದ ಅರ್ಧಕ್ಕಿಂತ ಹೆಚ್ಚು ಹಸಿರು ಹಾಗೆಯೇ ಇದೆ ಎಂದಾದರೆ ಒಂದು ಗೆಲ್ಲು ಹೋದ ಮಾತ್ರಕ್ಕೆ ಹಲಸು ಸಾಯುವುದಿಲ್ಲ. ಬುಡದಲ್ಲಿ ಮಣ್ಣು ಬಿರುಕು ಬಿಟ್ಟು ಬೇರು ಮೇಲೆ ಬಂದಿದ್ದರೆ ಮಾತು ಬೇರೆ. ನಮ್ಮ ಊರಿನ ಮುರಕಲ್ಲಿನ ನೆಲದಲ್ಲಿ ಬೇರುಗಳು ಆಳಕ್ಕೆ ಇಳಿಯುವುದಕ್ಕಿಂತ ಅಗಲಕ್ಕೆ ಹರಡುವುದೇ ಹೆಚ್ಚು. ಹಾಗಾಗಿ ಒಂದು ಬದಿಯ ಬೇರು ಕಿತ್ತ ದೊಡ್ಡ ಮರ ಮನೆಯ ಕಡೆಗೆ ವಾಲಿದ್ದರೆ ಅದನ್ನು ತೆಗೆಸುವುದೇ ಸರಿ, ಅಲ್ಲಿ ಅಜ್ಜನ ನೆನಪನ್ನು ಲೆಕ್ಕಕ್ಕೆ ಹಿಡಿಯಬಾರದು.

ಮೊದಲಿಗೆ ಮುರಿದು ನೇತಾಡುವ ಗೆಲ್ಲುಗಳನ್ನು ನೋಡಿ. ವಿದ್ಯುತ್ ತಂತಿಯ ಮೇಲೆ ಅಥವಾ ಅದಕ್ಕೆ ತಾಗಿ ಇರುವ ಗೆಲ್ಲನ್ನು ನೀವಾಗಲಿ ಮರ ಕಡಿಯುವವರಾಗಲಿ ಮುಟ್ಟಬಾರದು, ಹಸಿ ಮರದಲ್ಲಿ ವಿದ್ಯುತ್ ಹರಿಯುತ್ತದೆ. ವಿದ್ಯುತ್ ಕಚೇರಿಗೆ ತಿಳಿಸಿ, ಸಂಪರ್ಕ ಕಡಿತಗೊಳಿಸಿದ್ದಾರೆಂದು ಖಚಿತಪಡಿಸಿಕೊಂಡ ಮೇಲೆಯೇ ಕೆಲಸ ಆರಂಭವಾಗಲಿ.

ಉಳಿದ ತುಂಡನ್ನು ಕತ್ತರಿಸುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಗಾಳಿ ಮಾಡಿದ ಹಾನಿಗಿಂತ ದೊಡ್ಡ ಹಾನಿ ಅನೇಕ ಕಡೆ ಈ ಹಂತದಲ್ಲಿ ಆಗುತ್ತದೆ. ಗೆಲ್ಲು ಕಾಂಡವನ್ನು ಸೇರುವ ಜಾಗವನ್ನು ಹತ್ತಿರದಿಂದ ನೋಡಿದರೆ ಅಲ್ಲಿ ತೊಗಟೆ ನೆರಿಗೆಗಟ್ಟಿ ಬಳೆಯಂತೆ ಉಬ್ಬಿರುವುದು ಕಾಣುತ್ತದೆ. ಗಾಯವನ್ನು ಮುಚ್ಚುವ ಹೊಸ ಅಂಗಾಂಶ ಬೆಳೆಯುವುದು ಆ ಉಬ್ಬಿನಿಂದ. ಕಾಂಡಕ್ಕೆ ಸಮತಟ್ಟಾಗಿ ನುಣುಪಾಗಿ ಕತ್ತರಿಸಿದರೆ ನೋಡಲು ಅಂದವಾಗಿರುತ್ತದೆ, ಆದರೆ ಆ ಉಬ್ಬೇ ಹೋಗಿಬಿಡುತ್ತದೆ. ಒಂದಡಿ ಉದ್ದದ ಮೋಟು ಉಳಿಸಿದರೆ ಅದು ಒಣಗಿ, ಕೊಳೆತು, ಕೊಳೆ ಕಾಂಡದ ಒಳಕ್ಕೆ ಇಳಿಯುತ್ತದೆ. ಆದ್ದರಿಂದ ಉಬ್ಬಿಗೆ ತಾಗದಂತೆ ಅದರ ಹೊರಗೆ ಕತ್ತರಿಸಬೇಕು. ಭಾರವಾದ ಗೆಲ್ಲಾದರೆ ಮೂರು ಬಾರಿ ಗರಗಸ ಹಾಕಬೇಕು: ಕಾಂಡದಿಂದ ಒಂದು ಮೊಳ ಆಚೆ, ಗೆಲ್ಲಿನ ಅಡಿಭಾಗದಿಂದ ಮೂರನೇ ಒಂದು ಪಾಲು ದಪ್ಪದವರೆಗೆ ಮೊದಲ ಕೊಯ್ತ, ಅದಕ್ಕಿಂತ ಎರಡು ಅಂಗುಲ ಹೊರಗೆ, ಮೇಲಿನಿಂದ ಎರಡನೆಯದು. ಆಗ ಗೆಲ್ಲು ತೊಗಟೆಯನ್ನು ಎಳೆದುಕೊಂಡು ಹೋಗದೆ ಬೀಳುತ್ತದೆ. ಭಾರ ಕಳೆದ ಮೇಲೆ ಉಳಿದ ಮೋಟನ್ನು ಉಬ್ಬಿನ ಹೊರಗೆ ಮೂರನೆಯ ಕೊಯ್ತದಿಂದ ತೆಗೆಯಬೇಕು. ಕತ್ತಿಯಿಂದ ಕಚ್ಚು ಹಾಕಿ ಮುರಿಯುವ ಅಭ್ಯಾಸ ನಮ್ಮಲ್ಲಿ ಸಾಮಾನ್ಯವಾಗಿದ್ದರೂ ಅಂಗಳದ ಮರಕ್ಕೆ ಗರಗಸವೇ ಬೇಕು.

ಕಿತ್ತು ಬಂದ ತೊಗಟೆಯ ವಿಷಯಕ್ಕೆ ಬಂದರೆ, ಕಾಂಡಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುವ ಭಾಗವನ್ನು ಮುಟ್ಟಬೇಡಿ. ಸಡಿಲವಾಗಿ ಜೋತಾಡುವ ಅಂಚನ್ನು ಮಾತ್ರ ಹರಿತವಾದ ಚೂರಿಯಿಂದ ಸವರಿ, ಗಾಯದ ಕೆಳತುದಿಯಲ್ಲಿ ನೀರು ನಿಲ್ಲದಂತೆ ಓರಣ ಮಾಡಿ. ಗಾಯ ಚಂದ ಕಾಣಲೆಂದು ಅದನ್ನು ದೊಡ್ಡದು ಮಾಡುವ ಅಗತ್ಯವಿಲ್ಲ.

ಸೆಗಣಿ ಮತ್ತು ಕೆಮ್ಮಣ್ಣಿನ ಲೇಪ ಬೇಡವೆಂದೇ ನನ್ನ ಅಭಿಪ್ರಾಯ. ಬೇಸಗೆಯಲ್ಲಿ ಅದರಿಂದ ದೊಡ್ಡ ತೊಂದರೆಯಾಗದಿರಬಹುದು. ಎಡೆಬಿಡದೆ ಸುರಿಯುವ ಆಟಿ ತಿಂಗಳ ಮಳೆಯಲ್ಲಿ ಅದು ಗಾಯವನ್ನು ಸದಾ ಒದ್ದೆಯಾಗಿ ಇರಿಸುತ್ತದೆ. ಡಾಮರು, ಪೈಂಟು, ಪೊಟರೆಗೆ ಸಿಮೆಂಟು ತುಂಬಿಸುವುದು ಇವೆಲ್ಲವೂ ಬೇಡ. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ಪರೀಕ್ಷಿಸಿ, ಲೇಪಗಳು ಕೊಳೆಯನ್ನು ತಡೆಯುವುದಿಲ್ಲವೆಂದೂ, ಮರವೇ ತನ್ನೊಳಗೆ ಗೋಡೆ ಕಟ್ಟಿ ಕೆಟ್ಟ ಭಾಗವನ್ನು ಬೇರ್ಪಡಿಸುತ್ತದೆಂದೂ ತೋರಿಸಿಕೊಟ್ಟರು. ಆದರೂ ನಮ್ಮ ಮಳೆಗಾಲದಲ್ಲಿ ಗೆಲ್ಲುಗಳ ಮೇಲೆ ಗುಲಾಬಿ ಬಣ್ಣದ ಪೊರೆ ಕಟ್ಟುವ ಶಿಲೀಂಧ್ರದ ಹಾವಳಿ ಇರುವುದರಿಂದ, ದೊಡ್ಡ ಕೊಯ್ತಕ್ಕೆ ಮಳೆ ಬಿಟ್ಟ ದಿನ ನೋಡಿ ಒಮ್ಮೆ ತೆಳುವಾಗಿ ಬೋರ್ಡೋ ಮುಲಾಮು ಹಚ್ಚುವುದನ್ನು ನಾನು ಆಕ್ಷೇಪಿಸುವುದಿಲ್ಲ. ಅಡಿಕೆಗೆ ಮದ್ದು ಬಿಡುವ ಮನೆಗಳಲ್ಲಿ ಮೈಲುತುತ್ತು ಮತ್ತು ಸುಣ್ಣ ಹೇಗೂ ಇರುತ್ತದೆ. 100 ಗ್ರಾಂ ಮೈಲುತುತ್ತನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್ ನೀರಿನಲ್ಲಿ ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯಲ್ಲಿ ಕರಗಿಸಿ ಬೆರೆಸಿದರೆ ಮುಲಾಮು ಸಿದ್ಧವಾಗುತ್ತದೆ. ಕಬ್ಬಿಣದ ಪಾತ್ರೆ ಬಳಸಬಾರದು.

ಇನ್ನು ತಲೆ ಹಾರಿಸುವ ಸಲಹೆ. ಇದನ್ನು ಖಂಡಿತ ಪಾಲಿಸಬೇಡಿ. ಗೆಲ್ಲು ಕಳೆದುಕೊಂಡ ಮರಕ್ಕೆ ಉಳಿದ ಎಲೆಗಳೇ ಆಹಾರದ ಮೂಲ, ಅವನ್ನೂ ತೆಗೆದರೆ ಗಾಯ ಮುಚ್ಚಲು ಬೇಕಾದ ಶಕ್ತಿಯೇ ಇರುವುದಿಲ್ಲ. ತಲೆ ಹಾರಿಸಿದ ಮರದಲ್ಲಿ ಗುಂಪುಗುಂಪಾಗಿ ಏಳುವ ಚಿಗುರುಗಳು ತೊಗಟೆಯ ಮೇಲ್ಪದರಕ್ಕಷ್ಟೇ ಅಂಟಿಕೊಂಡಿರುತ್ತವೆ. ನಾಲ್ಕೈದು ವರ್ಷಗಳಲ್ಲಿ ಅವು ದಪ್ಪವಾದಾಗ ಮೊದಲ ಗಾಳಿಗೇ ಕಿತ್ತು ಬೀಳುತ್ತವೆ. ಈ ವರ್ಷ ಅಪಾಯಕಾರಿ ಗೆಲ್ಲುಗಳನ್ನಷ್ಟೇ ತೆಗೆದು, ಉಳಿದ ಸವರುವಿಕೆಯನ್ನು ಮಳೆ ಮುಗಿದ ಮೇಲೆ ಮಾಡಿಸಿ. ಬುಡಕ್ಕೆ ಯೂರಿಯಾ ಹಾಕಿ ಬೇಗ ಚಿಗುರಿಸುವ ಪ್ರಯತ್ನವೂ ಬೇಡ, ತರಗೆಲೆಯ ಹೊದಿಕೆ ಸಾಕು. ಗಾಯದ ಸುತ್ತ ಮರದ ಹುಡಿಯಂತಹ ಪುಡಿ ಉದುರುತ್ತಿದೆಯೇ ಎಂದು ಆಗಾಗ ಗಮನಿಸಿ, ಅದು ಕಾಂಡ ಕೊರೆಯುವ ಹುಳುವಿನ ಗುರುತು. ಮುಂದಿನ ವರ್ಷದಿಂದ ಉದ್ದಕ್ಕೆ ಚಾಚಿದ ಗೆಲ್ಲುಗಳಲ್ಲಿರುವ ಕಾಯಿಗಳನ್ನು ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆಚರಣೆಯ ದಿನ) ಮೊದಲೇ ಹಪ್ಪಳಕ್ಕೋ ಉಪ್ಪುಸೊಳೆಗೋ ಇಳಿಸಿಬಿಟ್ಟರೆ ಗೆಲ್ಲಿನ ಮೇಲಿನ ಭಾರವೂ ಕಡಿಮೆಯಾಗುತ್ತದೆ.

ಪ್ರಶ್ನೆ: ಮನೆಯ ಮುಂದಿನ ತೆಂಗಿನ ಮರದ ಮಡಲುಗಳು ಗಾಳಿಗೆ ತಿರುಚಿ ಜೋತು ಬಿದ್ದಿವೆ. ಸುಳಿಯೂ ಸ್ವಲ್ಪ ವಾಲಿದಂತಿದೆ. ಎಲ್ಲ ಮಡಲು ಕಡಿದು ಸ್ವಚ್ಛ ಮಾಡಿಸಬಹುದೇ?
– ಕುಂಬಳೆಯ ಓದುಗರು

ಉತ್ತರ: ಬೇಡ. ಹಲಸು, ಮಾವುಗಳಂತೆ ತೆಂಗಿಗೆ ಗಾಯ ಮುಚ್ಚಿಕೊಳ್ಳುವ ಶಕ್ತಿಯಿಲ್ಲ. ಕಾಂಡಕ್ಕೆ ಆದ ಗಾಯ ಮರ ಇರುವವರೆಗೂ ಗಾಯವಾಗಿಯೇ ಇರುತ್ತದೆ. ತೆಂಗಿನ ಮರ ತಿಂಗಳಿಗೆ ಸುಮಾರು ಒಂದರಂತೆ ಮಾತ್ರ ಹೊಸ ಮಡಲು ಬಿಡುವುದರಿಂದ, ಹತ್ತು ಹಸಿ ಮಡಲು ಕಡಿದರೆ ಆ ನಷ್ಟ ತುಂಬಲು ವರ್ಷವೇ ಹಿಡಿಯುತ್ತದೆ. ಪೂರ್ತಿ ಮುರಿದ ಮಡಲನ್ನು ಮಾತ್ರ ತೆಗೆಸಿ, ಅದೂ ಕಾಂಡದಿಂದ ಸುಮಾರು ನಾಲ್ಕಡಿ ತೊಟ್ಟು ಉಳಿಸಿ. ಹಸಿ ಕೊಯ್ತದ ವಾಸನೆಗೆ ಬರುವ ಕೆಂಪು ಮೂತಿ ಹುಳು ಅಲ್ಲಿ ಮೊಟ್ಟೆಯಿಟ್ಟರೂ ಮರಿಗಳು ಕಾಂಡದವರೆಗೆ ತಲುಪದಿರಲಿ ಎಂಬುದು ಇದರ ಉದ್ದೇಶ.

ಸುಳಿಯನ್ನು ಮರ ಹತ್ತುವವರಿಂದ ಪರೀಕ್ಷಿಸಿಸಿ. ಮೆಲ್ಲನೆ ಎಳೆದಾಗ ಗಟ್ಟಿಯಾಗಿ ನಿಂತಿದ್ದರೆ ಹಾಗೆಯೇ ಬಿಡಿ. ಸುಲಭವಾಗಿ ಕಿತ್ತು ಬಂದು ಬುಡದಲ್ಲಿ ಕೆಟ್ಟ ವಾಸನೆಯಿದ್ದರೆ ಸುಳಿ ಕೊಳೆ ರೋಗ ತಗಲಿದೆ ಎಂದು ತಿಳಿಯಬೇಕು. ಆಗ ಕೊಳೆತ ಭಾಗವನ್ನೆಲ್ಲ ಆರೋಗ್ಯವಂತ ಭಾಗ ಕಾಣುವವರೆಗೆ ಕೆತ್ತಿ ತೆಗೆದು, ಮೇಲೆ ಹೇಳಿದ ಬೋರ್ಡೋ ಮುಲಾಮು ಹಚ್ಚಿ, ಹೊಸ ಸುಳಿ ಬರುವ ತನಕ ಮಳೆನೀರು ಇಳಿಯದಂತೆ ಪ್ಲಾಸ್ಟಿಕ್ ಹೊದಿಸಬೇಕು. ಸಂಶಯವಿದ್ದರೆ ಕಾಸರಗೋಡಿನಲ್ಲೇ ಇರುವ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯವರನ್ನು ವಿಚಾರಿಸಿ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದ ಸಂಸ್ಥೆ ಮನೆಬಾಗಿಲಲ್ಲೇ ಇದ್ದರೂ ನಮ್ಮಲ್ಲಿ ಅನೇಕರು ಅತ್ತ ಹೋಗುವುದೇ ಇಲ್ಲ.

ಪ್ರಶ್ನೆ: ಮೂರು ವರ್ಷದ ಕಸಿಮಾವು ಮಳೆಗೆ ವಾಲಿದೆ. ನೆಟ್ಟಗೆ ಮಾಡಬಹುದೇ?
– ಪೆರ್ಲದ ಓದುಗರು

ಉತ್ತರ: ಮಾಡಬಹುದು, ಆದರೆ ಮಣ್ಣು ಹಸಿಯಾಗಿರುವಾಗಲೇ ಮಾಡಬೇಕು. ಬೇರು ಎದ್ದ ಬದಿಯಲ್ಲಿ ಅದರ ಅಡಿಯ ಮಣ್ಣನ್ನು ಸ್ವಲ್ಪ ತೆಗೆದು, ಬೇರು ಮಡಚದಂತೆ ಗಿಡವನ್ನು ಮೆಲ್ಲನೆ ಎತ್ತಿ, ಮಣ್ಣು ತುಂಬಿಸಿ. ಎರಡು ಬದಿಗೆ ಗೂಟ ಹೊಡೆದು ಸೈಕಲ್ ಟ್ಯೂಬಿನ ಪಟ್ಟಿಯಿಂದ ಸಡಿಲವಾಗಿ ಕಟ್ಟಿ. ತಂತಿ, ನೈಲಾನ್ ಹಗ್ಗ ಬೇಡ. ಕಸಿ ಕಟ್ಟಿದ ಜಾಗದಲ್ಲೇ ಬಿರುಕು ಬಿಟ್ಟಿದ್ದರೆ ಮಾತ್ರ ಹೊಸ ಗಿಡ ನೆಡುವುದು ಒಳ್ಳೆಯದು.

ಪ್ರಶ್ನೆ: ನನ್ನ ಮಗಳು ಅಮೆರಿಕದ ಮಿಷಿಗನ್ ರಾಜ್ಯದಲ್ಲಿದ್ದಾಳೆ. ಅಲ್ಲಿ ಹಿಮ ಬಿದ್ದು ಅಂಗಳದ ಬರ್ಚ್ ಮರ ಬಿಲ್ಲಿನಂತೆ ಬಾಗಿದೆ, ಓಕ್ ಮರದ ಒಂದು ಗೆಲ್ಲು ಮುರಿದಿದೆ. ಕೋಲಿನಿಂದ ಬಡಿದು ಹಿಮ ಬೀಳಿಸಬಹುದೇ ಎಂದು ಕೇಳುತ್ತಿದ್ದಾಳೆ.
– ಮಂಜೇಶ್ವರದ ಓದುಗರು

ಉತ್ತರ: ಬಡಿಯಬಾರದು. ಪುಡಿಯಾಗಿರುವ ಹಿಮವಾದರೆ ಕೈಗೆಟಕುವ ಗೆಲ್ಲುಗಳನ್ನು ಹಿಡಿಸೂಡಿಯಿಂದ ಕೆಳಗಿನಿಂದ ಮೇಲಕ್ಕೆ ಮೆಲ್ಲನೆ ಎತ್ತಿ ಉದುರಿಸಬಹುದು. ಮಳೆನೀರು ಗೆಲ್ಲಿನ ಮೇಲೆಯೇ ಹೆಪ್ಪುಗಟ್ಟಿ ಮಂಜುಗಡ್ಡೆಯ ಕವಚವಾಗಿದ್ದರೆ ಮುಟ್ಟದೆ ಬಿಡಬೇಕು. ಆ ಚಳಿಯಲ್ಲಿ ಗೆಲ್ಲುಗಳು ಬಾಗುವ ಗುಣ ಕಳೆದುಕೊಂಡಿರುತ್ತವೆ, ಪೆಟ್ಟು ಬಿದ್ದರೆ ಪಟ್ಟನೆ ಮುರಿಯುತ್ತವೆ. ಅದು ತಾನಾಗಿ ಕರಗಲಿ. ಬಾಗಿದ ಬರ್ಚನ್ನು ಹಗ್ಗ ಹಾಕಿ ಎಳೆಯಬಾರದು. ಭಾರ ಇಳಿದ ಮೇಲೆ ಅದು ವಾರಗಟ್ಟಲೆ ಕಾಲ ತೆಗೆದುಕೊಂಡು ಮೇಲೇಳುವುದುಂಟು, ಆದ್ದರಿಂದ ವಸಂತದಲ್ಲಿ ಎಲೆ ಒಡೆಯುವವರೆಗೆ ಕಾದು ಆಮೇಲೆ ತೀರ್ಮಾನಿಸಲಿ.

ಮುರಿದ ಓಕ್ ಗೆಲ್ಲನ್ನು ಮಾತ್ರ ಚಳಿಗಾಲದಲ್ಲೇ, ಹಲಸಿಗೆ ಹೇಳಿದ ಕ್ರಮದಲ್ಲೇ ತೆಗೆಸಬೇಕು. ಮಿಷಿಗನ್‌ನಲ್ಲಿ ಏಪ್ರಿಲ್ 15ರಿಂದ ಜುಲೈ 15ರವರೆಗೆ ಓಕ್ ಮರ ಕತ್ತರಿಸಬಾರದೆಂಬ ಸೂಚನೆಯಿದೆ, ಏಕೆಂದರೆ ಆ ಅವಧಿಯಲ್ಲಿ ಹಸಿ ಗಾಯಕ್ಕೆ ಬರುವ ಸಣ್ಣ ದುಂಬಿಗಳು ಮರವನ್ನು ಒಣಗಿಸುವ ಶಿಲೀಂಧ್ರವನ್ನು ಹೊತ್ತು ತರುತ್ತವೆ. ಆ ದಿನಗಳಲ್ಲಿ ಗಾಳಿಗೆ ಗೆಲ್ಲು ಮುರಿದರೆ ಗಾಯಕ್ಕೆ ತಡಮಾಡದೆ ಪೈಂಟು ಬಳಿಯಬೇಕು. ಮೇಲೆ ಪೈಂಟು ಬೇಡವೆಂದ ಮಾತಿಗೆ ಇದೊಂದು ಅಪವಾದ: ಇಲ್ಲಿ ಪೈಂಟಿನ ಕೆಲಸ ಕೊಳೆ ತಡೆಯುವುದಲ್ಲ, ವಾಸನೆ ಮರೆಮಾಡಿ ದುಂಬಿಯನ್ನು ದೂರವಿಡುವುದು.