ನೀರು ಬಿಟ್ಟರೆ ರಾಫ್ಟಿಂಗ್, ಬಿಡದಿದ್ದರೆ?

ಉತ್ತರ ಕನ್ನಡದ ಗಣೇಶಗುಡಿ ಹತ್ತಿರ ಹೋಮ್‌ಸ್ಟೇ ನಡೆಸುವ ನಮ್ಮ ಅಂಕಣಗಾರ್ತಿ ಓದುಗರ ಪತ್ರಗಳಿಗೆ ಉತ್ತರಿಸಿದ್ದಾರೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ದಾಂಡೇಲಿ, ಜೋಯಿಡಾ ಕಡೆಯ ಪ್ರವಾಸೋದ್ಯಮದ ಬಗ್ಗೆ ಇದ್ದವು.

ಅಕ್ಕಾ, ದಾಂಡೇಲಿ–ಜೋಯಿಡಾ ರಸ್ತೆ ಬದಿಯಲ್ಲಿ ಅಪ್ಪನ ಹೆಸರಲ್ಲಿ ಎರಡು ಎಕರೆ ಜಮೀನು, ಒಂದು ಹಳೇ ಹೆಂಚಿನ ಮನೆ ಇದೆ. ನಾನು ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದೇನೆ. 40 ಲಕ್ಷ ಸಾಲ ತೆಗೆದು, ಸ್ವಿಮ್ಮಿಂಗ್ ಪೂಲ್ ಇರುವ ಎಂಟು ರೂಮಿನ ರಿಸಾರ್ಟ್ ಕಟ್ಟುವ ಆಸೆ. ಶನಿವಾರ, ಭಾನುವಾರ ದಾಂಡೇಲಿ ಫುಲ್ ಇರುತ್ತೆ ಅಂತಾರೆ. ಧೈರ್ಯ ಮಾಡಲಾ?
— ಓದುಗ, ಹಳಿಯಾಳ

ತಮ್ಮಾ, ಧೈರ್ಯಕ್ಕಿಂತ ಮೊದಲು ಲೆಕ್ಕ ಮಾಡು. 40 ಲಕ್ಷಕ್ಕೆ ನೂರಕ್ಕೆ 11ರ ಬಡ್ಡಿ ಅಂತ ಇಟ್ಕೋ. ವರ್ಷಕ್ಕೆ 4 ಲಕ್ಷ 40 ಸಾವಿರ ಬರೀ ಬಡ್ಡಿ, ಅಸಲು ಬೇರೆ. ಮಳೆಗಾಲ ಬಿಟ್ಟರೆ ನಿನಗೆ ಸಿಗೋದು ಹೆಚ್ಚೂಕಮ್ಮಿ 35 ವಾರಾಂತ್ಯ. ಶುಕ್ರವಾರ, ಶನಿವಾರ ಸೇರಿ 70 ರಾತ್ರಿ. ಒಂದೊಂದು ರಾತ್ರಿಯ ಮೇಲೂ 6,200 ರೂಪಾಯಿಗಿಂತ ಜಾಸ್ತಿ ಬಡ್ಡಿ ಕೂತಿರುತ್ತೆ. ಅಡುಗೆಯವರ ಸಂಬಳ, ಕರೆಂಟು, ಪೂಲಿನ ಔಷಧಿ, ಬುಕಿಂಗ್ ಆ್ಯಪಿನವರ ಕಮಿಷನ್ ಎಲ್ಲಾ ಅದರ ಮೇಲೆ. ಸೋಮವಾರದಿಂದ ಗುರುವಾರದವರೆಗೆ ಪೂಲಿನಲ್ಲಿ ಎಲೆ ತೇಲ್ತಿರುತ್ತೆ ಅಷ್ಟೆ.

ಇನ್ನೊಂದು ವಿಷಯ. ನಿನ್ನ ಗಿರಾಕಿ ಬರೋದು ನಿನ್ನ ರೂಮಿಗಲ್ಲ, ಕಾಳಿ ನದಿಗೆ. ಆ ನದಿಯ ನಲ್ಲಿ ನಮ್ಮ ಕೈಯಲ್ಲಿಲ್ಲ. ಗಣೇಶಗುಡಿಯ ಸೂಪಾ ಅಣೆಕಟ್ಟು 101 ಮೀಟರ್ ಎತ್ತರ ಇದೆ. ನಡೆಸೋದು ಕರ್ನಾಟಕ ವಿದ್ಯುತ್ ನಿಗಮ. ಅಣೆಕಟ್ಟಿನ ಬುಡದ ಪವರ್‌ಹೌಸಿನಲ್ಲಿ ಮಷೀನು ತಿರುಗಿದರೆ ನೀರು ಕೆಳಗೆ ಬರುತ್ತೆ, ರಾಫ್ಟು (ಗಾಳಿ ತುಂಬಿದ ರಬ್ಬರ್ ದೋಣಿ) ಇಳಿಯುತ್ತೆ. ತಿರುಗದಿದ್ದರೆ ನದಿಯಲ್ಲಿ ಬಂಡೆಗಳೇ ಕಾಣ್ತಾವೆ. ಹೊಳೆದಂಡೆಯಲ್ಲಿ ನಿಂತ ಗೈಡ್ ಹುಡುಗರನ್ನು ನೋಡು. ಅವರ ಕಣ್ಣು ಪ್ರವಾಸಿಗಳ ಮೇಲಿರಲ್ಲ, ನಡುಹೊಳೆಯ ಬಂಡೆಯ ಮೇಲಿರುತ್ತೆ. ಬಂಡೆಯ ಒಣ ಭಾಗ ಕಿರಿದಾಗ್ತಾ ಬಂತು ಅಂದ್ರೆ "ನೀರ್ ಬಿಟ್ರು" ಅಂತ ಹುಟ್ಟು ಕೈಗೆ ತಗೋತಾರೆ. ರಾಜ್ಯಕ್ಕೆ ಯಾವಾಗ ಎಷ್ಟು ಕರೆಂಟು ಬೇಕು ಅನ್ನೋದರ ಮೇಲೆ ನಡೆಯುವ ವ್ಯಾಪಾರ ಇದು. ಪುಣೆಯಿಂದ ರಾತ್ರಿಯಿಡೀ ಕಾರು ಓಡಿಸ್ಕೊಂಡು ಬಂದವರಿಗೆ "ಇವತ್ತು ನೀರಿಲ್ಲ" ಅಂದ್ರೆ ಬೈಗುಳ ತಿನ್ನೋರು ನಾವು.

ಹಾಗಾಗಿ ರಾಫ್ಟಿಂಗ್ ಇಲ್ಲದ ದಿನ ನಿನ್ನ ಹತ್ತಿರ ಏನಿದೆ ಅನ್ನೋದೇ ನಿನ್ನ ನಿಜವಾದ ಬಂಡವಾಳ. ನನ್ನ ಕೇಳಿದರೆ, ಅದು ಹಕ್ಕಿ. ದಾಂಡೇಲಿ ಸುತ್ತ ನಾಲ್ಕು ಜಾತಿಯ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳಿವೆ. ಸಂಜೆ ಟಿಂಬರ್ ಡಿಪೋ ಕಡೆ ಹೋದರೆ ಕಪ್ಪು-ಬಿಳುಪಿನ ಮಲಬಾರ್ ಮಂಗಟ್ಟೆಗಳು ಜೋಡಿ ಜೋಡಿಯಾಗಿ ಬಂದು ಮರದಲ್ಲಿ ಕೂರೋದು ಕಾಣುತ್ತೆ. ರೆಕ್ಕೆ ಸದ್ದು ಕೆಳಗೆ ನಿಂತವರಿಗೂ ಕೇಳುತ್ತೆ. ನಾವು ಬಾಯಿಗಿಡಲು ಹೆದರುವ ಕಾಸರಕದ ಹಣ್ಣನ್ನು ಅವು ಆರಾಮಾಗಿ ನುಂಗ್ತಾವೆ. ಇದನ್ನು ಕ್ಯಾಮೆರಾದಲ್ಲಿ ಹಿಡಿಯಲು ಬರುವವರು ಒಂದು ಬೆಳಗ್ಗೆಗೆ ಬಂದು ಹೋಗುವವರಲ್ಲ. ಎರಡು–ಮೂರು ದಿನ ಇರ್ತಾರೆ, ವಾರದ ನಡುವೆಯೂ ಬರ್ತಾರೆ, ರಾತ್ರಿ ಒಂಬತ್ತಕ್ಕೆ ಮಲಗ್ತಾರೆ. ಅವರಿಗೆ ಪೂಲ್ ಬೇಡ. ಬೆಳಿಗ್ಗೆ ಐದಕ್ಕೆ ಚಹಾ, ಯಾವ ಮರಕ್ಕೆ ಹಣ್ಣು ಬಂದಿದೆ ಅಂತ ಗೊತ್ತಿರುವ ಒಬ್ಬ ಊರ ಹುಡುಗ, ಇಷ್ಟು ಸಾಕು.

ಪೂಲು ನೋಡಿ ಬಂದ ಗುಂಪು ಒಂದೇ ರಾತ್ರಿ ಇದ್ದು ಹೋಗುತ್ತೆ. ಕೋಳಿ, ತರಕಾರಿ, ನೀರಿನ ಬಾಟಲಿ ಎಲ್ಲಾ ಹುಬ್ಬಳ್ಳಿಯಿಂದ ಬಂದಿರುತ್ತೆ. ದುಡ್ಡು ಬಂದ ದಾರಿಯಲ್ಲೇ ವಾಪಸ್. ಎರಡನೇ ರಾತ್ರಿ ಉಳಿದವರು ಗೌಳಿಗರ ಮನೆ ಹಾಲು ಕುಡೀತಾರೆ, ಊರಿನ ಜೀಪು ಹತ್ತುತ್ತಾರೆ, ಹೋಗುವಾಗ ಮುರುಗಲು (ಕೋಕಂ) ಶರಬತ್ತಿನ ಬಾಟಲಿ ಒಯ್ಯುತ್ತಾರೆ. ಊರಿಗೆ ಲಾಭ ಶುರುವಾಗೋದು ಎರಡನೇ ರಾತ್ರಿಯಿಂದ. ಇದನ್ನು ನಾನು ಪಂಚಾಯ್ತಿ ಮೀಟಿಂಗಲ್ಲೂ ಹೇಳ್ತೀನಿ. ಯಾರೂ ಬರ್ಕೊಳ್ಳಲ್ಲ, ಅದು ಬೇರೆ ಮಾತು.

ಅಪ್ಪನ ಹೆಂಚಿನ ಮನೆಯಲ್ಲೇ ಎರಡು ರೂಮು, ಎರಡು ಒಳ್ಳೆ ಬಾತ್‌ರೂಮು ಮಾಡಿಸು. ಬಾತ್‌ರೂಮಿಗೆ ಜಿಪುಣತನ ಬೇಡ. ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಮ್‌ಸ್ಟೇ ಅಂತ ನೋಂದಾಯಿಸು. ಹೋಮ್‌ಸ್ಟೇ ಅಂದ್ರೆ ಮನೆಯವರು ಅಲ್ಲೇ ವಾಸ ಇರಬೇಕು, ಮ್ಯಾನೇಜರ್ ಇಟ್ಟು ನೀನು ಬೆಂಗಳೂರಲ್ಲಿ ಕೂತರೆ ಆಗಲ್ಲ. ಜಮೀನಿನಲ್ಲಿ ಏನೇ ಹೊಸದಾಗಿ ಕಟ್ಟುವ ಮೊದಲು ಕಂದಾಯದವರನ್ನೂ ಅರಣ್ಯದವರನ್ನೂ ಕೇಳು. ನಮ್ಮ ಸುತ್ತ ಇರೋದು ಹುಲಿ ಕಾಡು. 2015ರವರೆಗೆ ದಾಂಡೇಲಿ–ಅಣಶಿ ಅಂತಿದ್ದ ಹೆಸರು ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಕಟ್ಟಿದ ಮೇಲೆ ನೋಟಿಸು ಬಂದರೆ ಬ್ಯಾಂಕಿನವರು ಕಂತು ಬಿಡಲ್ಲ. ಎರಡು ಸೀಸನ್ ನೋಡು. ಆಮೇಲೂ 40 ಲಕ್ಷ ಬೇಕು ಅನ್ನಿಸಿದರೆ ಮತ್ತೆ ಬರಿ.

ಅಕ್ಕೋರೆ, ನಾವು ಜೋಯಿಡಾ ಹತ್ತಿರದ ಒಂದು ಸ್ವಸಹಾಯ ಸಂಘದವರು. ಪ್ರವಾಸಿಗಳ ಕಾರು ನಮ್ಮೂರ ಮುಂದೇ ಹೋಗ್ತಾವು, ನಿಲ್ಲೋದಿಲ್ಲ. ಹಪ್ಪಳ, ಉಪ್ಪಿನಕಾಯಿ ಮಾಡಿದ್ವಿ, ಮಾರಾಟ ಆಗ್ಲಿಲ್ಲ. ಏನು ಮಾಡಬೇಕು?
— ಸಂಘದ ಸದಸ್ಯೆಯರು

ಹಪ್ಪಳ, ಉಪ್ಪಿನಕಾಯಿ ಅವರೂರಲ್ಲೂ ಸಿಗುತ್ತೆ ಅಲ್ವಾ? ಅವರ ಅಂಗಡಿಯಲ್ಲಿ ಇಲ್ಲದ್ದನ್ನು ಕೊಡಿ. ನಿಮ್ಮಲ್ಲಿ ಎರಡಿದೆ. ಒಂದು ಮುರುಗಲು, ಇನ್ನೊಂದು ಗೆಡ್ಡೆ.

ಏಪ್ರಿಲ್–ಮೇ ತಿಂಗಳಲ್ಲಿ ಮುರುಗಲ ಹಣ್ಣು ಬೀಳೋ ಹೊತ್ತಿಗೇ ರಜೆಯ ಪ್ರವಾಸಿಗಳು ಬರ್ತಾರೆ. ಹಣ್ಣು ಸೀಳಿ ಬೀಜ ತೆಗೆದು, ಸಿಪ್ಪೆ ಒಂದು ಪದರ, ಸಕ್ಕರೆ ಒಂದು ಪದರ ಅಂತ ಗಾಜಿನ ಭರಣಿ ತುಂಬಿ ಬಿಸಿಲಿಗಿಡೋದು ನಿಮಗೆ ಹೇಳಿಕೊಡಬೇಕಾ? ಸಕ್ಕರೆ ಕರಗಿ ಕಡುಕೆಂಪು ರಸ ಬಿಡುತ್ತಲ್ಲ, ಆ ಭರಣಿಯನ್ನೇ ರಸ್ತೆ ಬದಿ ಬಿಸಿಲಲ್ಲಿ, ಕಾರಿನವರಿಗೆ ಕಾಣುವ ಹಾಗೆ ಇಡಿ. ಬೋರ್ಡಿಗಿಂತ ಅದು ಚೆನ್ನಾಗಿ ಕೆಲಸ ಮಾಡುತ್ತೆ. ಮೊದಲು ಒಂದು ಲೋಟ ತಣ್ಣನೆ ಶರಬತ್ತು ಮಾರಿ. ಲೋಟ ಖಾಲಿ ಮಾಡಿದವರು ಬಾಟಲಿ ಕೇಳ್ತಾರೆ. ಬಾಟಲಿ ಸಣ್ಣದಿರಲಿ, ಕಾಲು ಲೀಟರಿನದು. ಕಾರಿನಲ್ಲಿ ಸೋರದ ಹಾಗೆ ಮುಚ್ಚಳ ಇರಲಿ.

ಗೆಡ್ಡೆ ವಿಷಯ. ಕುಣಬಿ ಸಮುದಾಯದ ಅಜ್ಜಿಯರು ಬೆಳೆಸುವ ಆನೆಕಾಲಷ್ಟು ದಪ್ಪದ ಕೆಸುಗೆಡ್ಡೆಯನ್ನು ಪೇಟೆಯವರು ನೋಡೇ ಇಲ್ಲ. ಜೋಯಿಡಾದ ಗೆಡ್ಡೆ-ಗೆಣಸಿನ ಮೇಳಕ್ಕೆ ದೂರದೂರಿಂದ ಜನ ಬರೋದು ಸುಮ್ನೆ ಅಲ್ಲ. ಹಸಿ ಗೆಡ್ಡೆ ಮಾರೋದಕ್ಕಿಂತ, ಹತ್ತಿರದ ಹೋಮ್‌ಸ್ಟೇಗಳ ಜೊತೆ ಮಾತಾಡಿಕೊಂಡು "ಗೆಡ್ಡೆ ಊಟ" ಅಂತ ಒಂದು ಹೊತ್ತಿನ ಊಟ ಮಾಡಿ ಕೊಡಿ. ಒಂದು ತಟ್ಟೆಗೆ ಇಂತಿಷ್ಟು ಅಂತ ದರ ಮೊದಲೇ ಹೇಳಿ. ಆಹಾರ ಸುರಕ್ಷತೆ ನೋಂದಣಿ ಮಾಡಿಸ್ಕೊಳ್ಳಿ, ಸಣ್ಣ ಘಟಕಕ್ಕೆ ಅದು ದೊಡ್ಡ ತಲೆನೋವಲ್ಲ. ದರ ಮಾತ್ರ ನಿಮ್ಮದೇ ಇರಲಿ. ರಿಸಾರ್ಟಿನವರು ಅರ್ಧಕ್ಕೆ ಕೇಳ್ತಾರೆ, ಕೊಡಬೇಡಿ.

ನಾನು ಸಿದ್ದಿ ಸಮುದಾಯದ ಹುಡುಗ. ವೀಕೆಂಡಿನಲ್ಲಿ ರಿಸಾರ್ಟಿನವರು ಫೈರ್ ಕ್ಯಾಂಪಿನಲ್ಲಿ ಡಮಾಮಿ ಕುಣಿತ ಮಾಡಿ ಅಂತ ಕರೆಯುತ್ತಾರೆ. ದುಡ್ಡು ಬರುತ್ತದೆ, ಆದರೆ ಕುಡಿದವರು ಮೈಮೇಲೆ ಬಿದ್ದು ಸೆಲ್ಫಿ ತೆಗೆಯುತ್ತಾರೆ. ಹೋಗಬೇಕೋ ಬೇಡವೋ?
— ಯಲ್ಲಾಪುರ ತಾಲ್ಲೂಕು

ಹೋಗೋದು ಬಿಡೋದು ನೀವು, ನಿಮ್ಮ ಹಿರಿಯರು ಕೂತು ತೀರ್ಮಾನ ಮಾಡುವ ವಿಷಯ. ಹೊರಗಿನವಳು ನಾನು ಹೇಳೋದಲ್ಲ. ವ್ಯಾಪಾರದ ಮಾತು ಮಾತ್ರ ಹೇಳ್ತೀನಿ. ದುಡ್ಡು ಮುಂಗಡ ತಗೊಳ್ಳಿ. ಊಟಕ್ಕೆ ಮೊದಲು, ಬಾಟಲಿ ತೆರೆಯೋ ಮುಂಚೆ ಕಾರ್ಯಕ್ರಮ ಮುಗಿಸಿ. ಕುಣಿತ ಎಷ್ಟು ಹೊತ್ತು, ಯಾವ ಹಾಡು, ಫೋಟೋ ಯಾವಾಗ ಅಂತ ನೀವೇ ಹೇಳಿ, ಚೀಟಿಯಲ್ಲಿ ಬರೆಸಿ. ಇದಕ್ಕೆ ಒಪ್ಪದ ರಿಸಾರ್ಟಿಗೆ ಹೋಗಬೇಡಿ. ಇನ್ನೂ ಒಳ್ಳೆಯದು, ಅವರೇ ನಿಮ್ಮೂರಿಗೆ ಬರಲಿ. ನಿಮ್ಮ ಅಂಗಳದಲ್ಲಿ, ನಿಮ್ಮ ಮನೆಯವರ ಎದುರು ನಡೆದರೆ ಯಾರೂ ಮೈಮೇಲೆ ಬೀಳಲ್ಲ. ಊಟದ ದುಡ್ಡೂ ನಿಮಗೇ.

ರಾಫ್ಟಿಂಗ್‌ಗೆ ಈಜು ಬರಲೇಬೇಕಾ? ಒಳ್ಳೆಯವರು ಯಾರು ಅಂತ ಗುರುತಿಸೋದು ಹೇಗೆ?
— ದಾವಣಗೆರೆ

ಬರಬೇಕೆಂದೇನಿಲ್ಲ, ಬಂದರೆ ಒಳ್ಳೆಯದು. ಲೈಫ್ ಜಾಕೆಟ್ ಹಾಕಿದ ಮೇಲೆ ಜೊತೆಯವರಿಗೆ ಹೇಳಿ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಸಿ. ಜಾಕೆಟ್ ಕಿವಿಯವರೆಗೆ ಬಂತು ಅಂದ್ರೆ ಅದು ನಿಮ್ಮ ಅಳತೆಯದಲ್ಲ, ಬೇರೆ ಕೇಳಿ. ಹೆಲ್ಮೆಟ್ ಇದೆಯಾ, ಬಿದ್ದರೆ ಏನು ಮಾಡಬೇಕು ಅಂತ ದಡದಲ್ಲೇ ಹೇಳಿಕೊಟ್ಟರಾ, ಜೊತೆಗೆ ಕಾಪಾಡುವ ಕಯಾಕ್ ಬರುತ್ತಾ, ನೋಡಿ. ಒಂದೇ ರಾಫ್ಟಿಗೆ "ಇನ್ನಿಬ್ಬರು ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರೆ ಅಲ್ಲೇ ಇಳಿದುಬಿಡಿ. ಇದು ಬಸ್ಸಲ್ಲ.

ಪಿಯುಸಿ ಆಗಿದೆ, ಕಾಡು ಸುತ್ತಿ ಗೊತ್ತು. ಗೈಡ್ ಆಗೋಕೆ ಏನು ಓದಬೇಕು?
— ಓದುಗ, ಅಂಬಿಕಾನಗರ

ಪ್ರಥಮ ಚಿಕಿತ್ಸೆ ಮೊದಲು ಕಲಿ. ಆಮೇಲೆ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ತರಬೇತಿಗಳನ್ನು ವಿಚಾರಿಸು. ಹಕ್ಕಿಗಳ ಹೆಸರು ಕನ್ನಡ, ಇಂಗ್ಲಿಷು ಎರಡರಲ್ಲೂ ಬಾಯಲ್ಲಿರಲಿ. ಕಾಡಿನಲ್ಲಿ ಕಾನೂನು ಗೊತ್ತಿಲ್ಲದ ಗೈಡ್‌ಗೆ ಇನ್ನು ಕಾಲವಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ನುಗ್ಗಿದ ಮೇಲೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್, ದಿನಕ್ಕಿಷ್ಟೇ ಜನ ಅಂತ ಮಿತಿ ಬಂತು. ನಿನ್ನಂಥವರಿಗೆ ಅದು ಒಳ್ಳೆಯದೇ. ಜನ ಕಡಿಮೆ ಇದ್ದಾಗಲೇ ಗೈಡ್‌ನ ಮಾತು ಕೇಳಿಸುತ್ತೆ.

ನಾನು ನಿವೃತ್ತ ಶಿಕ್ಷಕ. ಪೇಪರ್ ಮಿಲ್ಲಿನ ಕಾಲದಿಂದ ದಾಂಡೇಲಿ ನೋಡಿದ್ದೇನೆ. ಈಗ ವಾರಾಂತ್ಯ ಬಂತೆಂದರೆ ಡಿಜೆ ಸದ್ದು, ಹೊಳೆಯಲ್ಲಿ ಬಾಟಲಿ. ಇದನ್ನು ಅಭಿವೃದ್ಧಿ ಎನ್ನುತ್ತೀರಾ?
— ದಾಂಡೇಲಿ

ಸರ್, ನಿಮ್ಮ ಸಿಟ್ಟು ಸರಿ. 1955ರಲ್ಲಿ ಸ್ಥಾಪನೆಯಾದ ಪೇಪರ್ ಮಿಲ್ಲು ಇವತ್ತೂ ನಡೆಯುತ್ತಿದೆ. ಆದರೆ ಫೆರೋ ಮ್ಯಾಂಗನೀಸ್, ಪ್ಲೈವುಡ್ ಕಾರ್ಖಾನೆಗಳು ಮುಚ್ಚಿದಾಗ ಎಷ್ಟು ಮನೆ ಖಾಲಿಯಾದವು ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಆ ಜಾಗ ತುಂಬಲು ಏನಾದರೂ ಬೇಕಿತ್ತು, ಬಂದದ್ದು ಇದು. ಮಿಲ್ಲಿನ ಕೆಲಸಕ್ಕೆ ಪಿಎಫ್, ಬೋನಸ್ ಇರುತ್ತೆ. ರಿಸಾರ್ಟಿನ ಹುಡುಗನಿಗೆ ಜೂನ್ ಬಂದರೆ ಮನೆ ದಾರಿ. ಹಾಗಾಗಿ ಇದು ಮಿಲ್ಲಿನ ಬದಲಿಗೆ ಬಂದ ಉದ್ಯೋಗ ಅಂತ ಯಾರಾದರೂ ಭಾಷಣ ಮಾಡಿದರೆ ನಾನು ಒಪ್ಪಲ್ಲ.

ಡಿಜೆಗೆ ಔಷಧಿ ಇದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸೋ ಹಾಗಿಲ್ಲ, 2000ದಿಂದಲೇ ನಿಯಮ ಇದೆ. 112ಕ್ಕೆ ಫೋನ್ ಮಾಡಿ. ಒಬ್ಬರೇ ಮಾಡಿದರೆ "ಅಜ್ಜನಿಗೆ ನಿದ್ದೆ ಬರಲ್ಲ" ಅಂತಾರೆ, ಓಣಿಯ ನಾಲ್ಕು ಮನೆಯವರು ಮಾಡಿ. ಬಾಟಲಿಗೆ ನಮ್ಮ ಕಡೆಯ ಕೆಲವು ಹೋಮ್‌ಸ್ಟೇಯವರು ಒಂದು ಉಪಾಯ ಮಾಡಿದ್ದೇವೆ. ಬರುವಾಗ ಎಷ್ಟು ಬಾಟಲಿ ತಂದರೋ ಬರ್ಕೊಂಡು ಠೇವಣಿ ತಗೋತೀವಿ, ಖಾಲಿ ಬಾಟಲಿ ತೋರಿಸಿದರೆ ವಾಪಸ್. ಮುಖ ಗಂಟಿಕ್ಕಿಕೊಳ್ಳೋರು ಇದ್ದಾರೆ. ಅಂಥವರು ಮುಂದಿನ ಸಲ ಬೇರೆ ಕಡೆ ಬುಕ್ ಮಾಡ್ತಾರೆ, ನಮಗೂ ಸಂತೋಷ.

ಮಳೆಗಾಲದಲ್ಲಿ ನಿಮ್ಮ ಕಡೆ ಬರಬಹುದಾ?
— ಮೈಸೂರು

ಬನ್ನಿ. ರಾಫ್ಟಿಂಗ್ ಇರಲ್ಲ, ಕಾಡಿನ ಕೆಲವು ದಾರಿ ಬಂದ್, ಕರೆಂಟು ಹೋದರೆ ಯಾವಾಗ ಬರುತ್ತೋ ಹೇಳಕ್ಕಾಗಲ್ಲ. ರೂಮಿನ ಬಾಡಿಗೆ ಕಡಿಮೆ, ಕೆಸುವಿನೆಲೆಯ ಪತ್ರೊಡೆ ಬಿಸಿ ಬಿಸಿ ಸಿಗುತ್ತೆ. ಉಂಬಳಕ್ಕೆ (ಜಿಗಣೆಗೆ) ಉದ್ದ ಕಾಲುಚೀಲ, ಸ್ವಲ್ಪ ಸುಣ್ಣ-ಹೊಗೆಸೊಪ್ಪು ಇಟ್ಟುಕೊಳ್ಳಿ. ಬಿಳಿ ಪ್ಯಾಂಟ್ ಮಾತ್ರ ತರಬೇಡಿ.